ಸ್ಪಷ್ಟನೆ: 27 ಲಕ್ಷ ಎಚ್‌ಐವಿ ಸೋಂಕಿತರು ಕಾಣೆಯಾಗಿಲ್ಲ

"ದೇಶದಲ್ಲಿ 52 ಲಕ್ಷ ಎಚ್‌ಐವಿ ಸೋಂಕಿತರಿದ್ದರು, 2007ರಲ್ಲಿ ಸರ್ಕಾರ 25 ಲಕ್ಷ ಎಂದಿತು. ಉಳಿದ 27 ಲಕ್ಷ ಜನ ಸತ್ತರೋ, ಮುಚ್ಚಿಟ್ಟರೋ?" ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಅಂಕಿ ನಿಜ, ತೀರ್ಮಾನ ತಪ್ಪು. ಎರಡೂ ಅಂದಾಜುಗಳೇ ಹೊರತು ತಲೆ ಎಣಿಕೆಯಲ್ಲ. ಬದಲಾದದ್ದು ಲೆಕ್ಕ ಹಾಕುವ ಕ್ರಮ.

ಹಳೆಯ ಅಂದಾಜಿಗೆ ಮುಖ್ಯ ಆಧಾರ ಸರ್ಕಾರಿ ಆಸ್ಪತ್ರೆಗಳು. ಬಸುರಿಯರ ತಪಾಸಣೆಗೆಂದು ತೆಗೆದ ರಕ್ತದಲ್ಲಿ ಉಳಿದದ್ದನ್ನು ಹೆಸರಿಲ್ಲದೆ ಪರೀಕ್ಷಿಸುತ್ತಿದ್ದರು. ಲೈಂಗಿಕ ರೋಗಗಳ ಕ್ಲಿನಿಕ್‌ಗಳ ಮಾದರಿಗಳೂ ಸೇರುತ್ತಿದ್ದವು. ಆದರೆ ಸೋಂಕು ಗೊತ್ತಾದ ಗರ್ಭಿಣಿಯರನ್ನು ಖಾಸಗಿಯವರು ಸರ್ಕಾರಿ ಆಸ್ಪತ್ರೆಗೇ ಕಳಿಸುವುದು ರೂಢಿಯಲ್ಲಿತ್ತು. ಹಾಗಾಗಿ ಅಲ್ಲಿನ ಪ್ರಮಾಣ ಊರಿನದಕ್ಕಿಂತ ಹೆಚ್ಚು ಕಾಣುತ್ತಿತ್ತು. ಆಂಧ್ರದ ಗುಂಟೂರು ಜಿಲ್ಲೆಯಲ್ಲಿ ನಡೆದ ಅಧ್ಯಯನ ಇದನ್ನು 2006ರಲ್ಲೇ ತೋರಿಸಿತ್ತು.

2005–06ರ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ, ಒಪ್ಪಿದವರ ಬೆರಳು ಚುಚ್ಚಿ, ರಕ್ತದ ಹನಿಗಳನ್ನು ಕಾಗದದ ಕಾರ್ಡಿನ ಮೇಲೆ ಒಣಗಿಸಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದರು. 15ರಿಂದ 49 ವಯಸ್ಸಿನವರಲ್ಲಿ ಸೋಂಕು ಶೇ. 0.28 ಇತ್ತು, ಕರ್ನಾಟಕದಲ್ಲಿ ಶೇ. 0.69. ಇದನ್ನೂ ಸೇರಿಸಿ ಲೆಕ್ಕ ಹಾಕಿದಾಗ ಬಂದದ್ದು 20ರಿಂದ 31 ಲಕ್ಷದೊಳಗಿನ ಅಂದಾಜು. ಹೊಸ ಕ್ರಮದಲ್ಲಿ ಹಿಂದಿನ ವರ್ಷಗಳನ್ನೂ ಮತ್ತೆ ಲೆಕ್ಕ ಹಾಕಿದರು, ಆ ಅಂಕಿಗಳೂ ಇಳಿದವು. ಸಂದೇಶದಲ್ಲಿ ಈ ಮಾತೇ ಇಲ್ಲ.

ಮನೆ ಸಮೀಕ್ಷೆಗೂ ಮಿತಿಯಿದೆ. ಲೈಂಗಿಕ ಕಾರ್ಯಕರ್ತೆಯರು, ವಲಸೆ ಹೋದವರು ಅದರಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದಕ್ಕೇ ಬೇರೆ ಮೂಲಗಳನ್ನೂ ಬಳಸಿದರು. ಅಂದಾಜನ್ನು ಪ್ರಶ್ನಿಸಿ, ಖಂಡಿತ ಪ್ರಶ್ನಿಸಬೇಕು. ಆದರೆ ಸೋಂಕಿನೊಂದಿಗೆ ಬದುಕುತ್ತಿರುವವರನ್ನು ಹೆದರಿಸುವ ಈ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ; ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.