ನಾಲ್ಕು ಗಿಡ ಪುಂಡಿ ಸೊಪ್ಪು

ಕೆನಡಾದಲ್ಲಿರುವ ನನ್ನ ತಂಗಿಯ ಮಗ ತನ್ನ ಹಿತ್ತಲಿನ ಹಸಿರುಮನೆಯಲ್ಲಿ ಬೆಳೆಸಿದ ನಾಲ್ಕು ಗಿಡಗಳಿಗೆ ಚಿಕ್ಕಬಳ್ಳಾಪುರದಲ್ಲಿ ಕುಳಿತುಕೊಂಡೇ ಐದು ತಿಂಗಳ ಕಾಲ ಫೋನಿನಲ್ಲಿ ಆರೈಕೆ ಮಾಡಿಸಿದವನು ನಾನು. ಅವು ಯಾವ ಗಿಡಗಳೆಂಬುದು ಆ ಐದು ತಿಂಗಳಲ್ಲಿ ನಾಲ್ಕೂವರೆ ತಿಂಗಳು ನನಗೆ ತಿಳಿದಿರಲಿಲ್ಲ.

ಕೃಷಿಯ ವಿಷಯದಲ್ಲಿ ನಾನು ಕೇಳಿದವರಿಗೂ ಸಲಹೆ ಕೊಡುತ್ತೇನೆ, ಕೇಳದವರಿಗೂ ಕೊಡುತ್ತೇನೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ಅಭ್ಯಾಸವೂ, ನಮ್ಮ ಜಿಲ್ಲೆ ಇನ್ನೂ ಕೋಲಾರಕ್ಕೆ ಸೇರಿದ್ದ ಕಾಲದಲ್ಲೇ ಸೇವಂತಿಗೆ ಬೆಳೆದು ಗಾಡಿಗಟ್ಟಲೆ ಮಾರುತ್ತಿದ್ದ ತಂದೆಯವರ ರಕ್ತವೂ ಸೇರಿಕೊಂಡು ನನ್ನನ್ನು ಹೀಗೆ ಮಾಡಿವೆ. ನಿವೃತ್ತನಾದ ಮೇಲೆ ಹಿತ್ತಲಿನಲ್ಲಿ ಹತ್ತಡಿಗೆ ಹನ್ನೆರಡಡಿಯ ಒಂದು ಹಸಿರುಮನೆಯನ್ನೂ ಕಟ್ಟಿಕೊಂಡೆ. ಗುಲಾಬಿ ಬೆಳೆಯುವ ಪರಿಚಯದ ರೈತರೊಬ್ಬರು ತಮ್ಮ ಪಾಲಿಹೌಸಿನ ಹಳೆಯ ಹೊದಿಕೆಯನ್ನು ಬದಲಾಯಿಸುವಾಗ ಅದರ ಒಂದು ತುಂಡನ್ನು ಪುಕ್ಕಟೆಯಾಗಿ ಕೊಟ್ಟಿದ್ದರು. ಏಪ್ರಿಲ್ ತಿಂಗಳ ಮೊದಲ ಗಾಳಿಮಳೆಗೆ ಆ ಹೊದಿಕೆ ಸಮೂಲವಾಗಿ ಮೇಲೆದ್ದು, ಪಕ್ಕದ ಮನೆಯ ಮಹಡಿಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಹೋಗಿ ಬಿದ್ದಿತು. “ಮೇಷ್ಟ್ರೇ, ನಿಮ್ಮ ಮನೆ ನಮ್ಮ ಮನೆ ಮೇಲೆ ಬಂದು ಕೂತಿದೆ” ಎಂದು ಆ ಮನೆಯಾಕೆ ಜಗಳಕ್ಕೆಂದೇ ಬಂದರಾದರೂ, ಹೊದಿಕೆಯನ್ನು ಎತ್ತಿ ನೋಡಿದಾಗ ಕೆಳಗಿದ್ದ ಸಂಡಿಗೆ ಒಂದಿಷ್ಟೂ ನೆನೆಯದೆ ಉಳಿದಿದ್ದನ್ನು ಕಂಡು ಅದರಲ್ಲೇ ಒಂದು ಡಬ್ಬಿಯಷ್ಟನ್ನು ನಮಗೆ ಕೊಟ್ಟು ಹೋದರು.

ಅಳಿಯನ ಮೊದಲ ಫೋನು ಬಂದದ್ದು ಜೂನ್ ತಿಂಗಳಲ್ಲಿ. ಅವನಿರುವುದು ಒಂಟಾರಿಯೊ ಪ್ರಾಂತ್ಯದಲ್ಲಿ. ಅವನು ಊಟ ಮುಗಿಸಿ ಫೋನು ಹಿಡಿಯುವ ರಾತ್ರಿ ಒಂಬತ್ತು ಗಂಟೆ ನನಗೆ ಬೆಳಿಗ್ಗೆ ಆರೂವರೆ. ಹೀಗಾಗಿ ಅವನ ಕೃಷಿ ಸಮಸ್ಯೆಗಳೆಲ್ಲ ಕಂದವಾರ ಕೆರೆಯ ಏರಿಯ ಮೇಲೆ ನಾನು ವಾಯುವಿಹಾರ ಮಾಡುತ್ತಿರುವ ಹೊತ್ತಿಗೆ ಸರಿಯಾಗಿ ಬಂದು ತಲುಪುತ್ತಿದ್ದವು.

“ಮಾವ, ಹಿತ್ತಲಲ್ಲಿ ಸಣ್ಣದೊಂದು ಗ್ರೀನ್‌ಹೌಸ್ ಹಾಕಿದ್ದೀನಿ. ನಾಲ್ಕು ಗಿಡ ಇಟ್ಟಿದ್ದೀನಿ. ಎಲೆ ಹಳದಿ ಆಗ್ತಿದೆ.”

“ಏನು ಗಿಡವೋ?”

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿರಲಿಲ್ಲ. ನೆಟ್‌ವರ್ಕ್ ಹೋಯಿತೆಂದುಕೊಂಡೆ. ಆಮೇಲೆ “ಸೊಪ್ಪು, ಮಾವ” ಎಂದನು.

ಹಿಂದೆಯೇ ಒಂದು ಚಿತ್ರವೂ ಬಂದಿತು. ಅಂಗೈಯಿಂದ ಬೆರಳುಗಳು ಹರಡಿದಂತಿದ್ದ, ಅಂಚಿನಲ್ಲಿ ಗರಗಸದ ಹಲ್ಲುಗಳಿದ್ದ ಒಂದೇ ಒಂದು ಎಲೆ. ನಾನು ಕ್ಷಣವೂ ಯೋಚಿಸದೆ “ಪುಂಡಿ ಸೊಪ್ಪು!” ಎಂದೆ. ನಮ್ಮ ಕಡೆ ತೆಲುಗಿನ ಗಾಳಿ ಬೀಸುವುದರಿಂದ ಗೋಂಗೂರ ಎಂದೂ ಹೇಳುವುದುಂಟು. ತಾಯಿಯ ಕೈಯ ಪುಂಡಿ ಚಟ್ನಿಯನ್ನು ನೆನೆಸಿಕೊಂಡು ಹುಡುಗ ಪರದೇಶದಲ್ಲಿ ಸೊಪ್ಪು ಬೆಳೆಯುತ್ತಿದ್ದಾನಲ್ಲ ಎಂದು ನನಗೆ ಗಂಟಲು ಕಟ್ಟಿಬಂದಿತು. ಅವನು ನಕ್ಕು “ಹ್ಞೂಂ ಮಾವ” ಎಂದನು. ಅಂದೇ ಸಂಜೆ ತಂಗಿಗೆ ಫೋನು ಮಾಡಿ ಈ ಸುದ್ದಿಯನ್ನು ತಿಳಿಸಿದೆ, ಅವಳೂ ಕಣ್ಣೊರೆಸಿಕೊಂಡಳು.

ನಾಲ್ಕು ಗಿಡದಿಂದ ಒಂದು ಹೊತ್ತಿನ ಸಾರೂ ಆಗುವುದಿಲ್ಲ, ಹತ್ತು ಹಾಕು ಎಂದು ನಾನು ಹೇಳಿದಾಗ, ಅಲ್ಲಿ ಮನೆಗೆ ನಾಲ್ಕೇ ಗಿಡವೆಂದು ಕಾನೂನಿದೆ ಎಂದು ತಿಳಿಸಿದನು. ಸೊಪ್ಪಿನ ಗಿಡಗಳನ್ನು ಎಣಿಸುವ ಸರ್ಕಾರವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ಹೆಂಡತಿಗೆ ಮಾತ್ರ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. “ಬೆಂಗಳೂರಲ್ಲಿ ನಮ್ಮಕ್ಕನ ಅಪಾರ್ಟ್‌ಮೆಂಟಲ್ಲೂ ಬಾಲ್ಕನಿಗೆ ಇಷ್ಟೇ ಕುಂಡ ಅಂತ ರೂಲ್ಸ್ ಇದೆ ಕಣ್ರೀ” ಎಂದಳು.

ಎಲೆ ಹಳದಿಯಾಗಲು ಕಾರಣ ನೀರು. ಅವನು ದಿನಕ್ಕೆ ಎರಡು ಬಾರಿ ಹುಯ್ಯುತ್ತಿದ್ದನು. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿನಲ್ಲಿ ಊರಿ, ಒದ್ದೆ ತಾಗಿದರೆ ಆ ದಿನ ನೀರು ಬೇಡವೆಂದು ಹೇಳಿಕೊಟ್ಟೆ. ಸಾವಿರ ಅಡಿ ಕೊರೆದರೂ ಬರಿಯ ದೂಳೇ ಮೇಲೆ ಬರುವ ಊರಿನವನು, ಮಹಾಸರೋವರಗಳ ದಡದಲ್ಲಿ ಕುಳಿತವನಿಗೆ ನೀರು ಕಡಿಮೆ ಮಾಡೆಂದು ಹೇಳುವುದರಲ್ಲಿ ಒಂದು ಬಗೆಯ ತೃಪ್ತಿಯಿತ್ತೆಂದು ಒಪ್ಪಿಕೊಳ್ಳುತ್ತೇನೆ. ಜುಲೈನಲ್ಲಿ ಎಲೆಯ ಅಡಿಯಲ್ಲಿ ಕೆಂಪು ನುಸಿ ಕಾಣಿಸಿಕೊಂಡಿತು. ಬೇವಿನ ಎಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸಿದ ಮೇಲೆ ಅದೂ ಹತೋಟಿಗೆ ಬಂದಿತು.

ಈ ಎರಡು ಗೆಲುವುಗಳಿಂದ ಉಬ್ಬಿಹೋಗಿ ನಾನು ಜೀವಾಮೃತದ ಮಾತೆತ್ತಿದ್ದು ತಪ್ಪಾಯಿತು. ಇನ್ನೂರು ಲೀಟರ್ ನೀರಿಗೆ ಹತ್ತು ಕಿಲೋ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇದು ಒಂದು ಎಕರೆಯ ಲೆಕ್ಕ. ನಾಲ್ಕು ಗಿಡಕ್ಕೆ ಒಂದು ಬಕೆಟ್ಟಿನ ಮಟ್ಟಕ್ಕೆ ಇಳಿಸಿ ಹೇಳಿದೆ. ಸಗಣಿಯನ್ನು ಅಂಗಡಿಯಿಂದ ಚೀಲದಲ್ಲಿ ತಂದನು, ಬೆಲ್ಲವನ್ನೂ ಕಡಲೆಹಿಟ್ಟನ್ನೂ ಇಂಡಿಯನ್ ಸ್ಟೋರಿನಿಂದ ತಂದನು. ಗಂಜಲದ ವಿಚಾರವನ್ನು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನೆರಳಿನಲ್ಲಿ, ಗೋಣಿಚೀಲ ಮುಚ್ಚಿ ಇಡಬೇಕೆಂದಿದ್ದೆ. ಅವನು ಬಕೆಟ್ಟಿಗೆ ಬಿಗಿಯಾದ ಮುಚ್ಚಳ ಹಾಕಿ, ಬಿಸಿಲಿಗೆ ಕಾದ ಹಸಿರುಮನೆಯೊಳಗೇ ಇಟ್ಟು ಕೆಲಸಕ್ಕೆ ಹೋದನು. ಮೂರನೆಯ ದಿನ ಮಧ್ಯಾಹ್ನ ಮುಚ್ಚಳ ಸಿಡಿದು ಚಾವಣಿಗೆ ಹೊಡೆಯಿತು. ಪಕ್ಕದ ಮನೆಯ ಹಿರಿಯರು ಬೇಲಿಯ ಬಳಿ ಬಂದು, ಇಷ್ಟು ದಿನ ನಿನ್ನ ಗಿಡಗಳ ವಾಸನೆಯನ್ನು ಸಹಿಸಿಕೊಂಡಿದ್ದೆ, ಆದರೆ ಇದು ಯಾವ ವಾಸನೆ ಎಂದು ಕೇಳಿದರಂತೆ. ಪುಂಡಿ ಗಿಡಕ್ಕೆ ವಾಸನೆ ಎಲ್ಲಿಂದ ಬಂದಿತೆಂದು ನಾನಾದರೂ ಆಗ ಯೋಚಿಸಬೇಕಾಗಿತ್ತು.

ನನ್ನ ಕೀರ್ತಿ ಶಿಖರವನ್ನು ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಗಿಡಗಳು ಆಳೆತ್ತರ ಬೆಳೆದಿದ್ದರೂ ಒಂದು ಮೊಗ್ಗೂ ಬಂದಿಲ್ಲ, ಗೆಳೆಯರ ಗಿಡಗಳೆಲ್ಲ ಆಗಸ್ಟಿನಲ್ಲೇ ಹೂವು ಹಿಡಿದಿವೆ, ಇನ್ನು ಕೆಲವೇ ವಾರಗಳಲ್ಲಿ ಇಬ್ಬನಿ ಹೆಪ್ಪುಗಟ್ಟಲು ಶುರುವಾಗುತ್ತದೆ ಎಂದು ಅವನು ಗೋಳಾಡಿದನು. ಸೊಪ್ಪು ತಿನ್ನುವವನಿಗೆ ಹೂವೇಕೆಂದು ಕೇಳದೆ ನಾನು ನೇರವಾಗಿ ರೋಗದ ಮೂಲಕ್ಕೆ ಕೈಹಾಕಿದೆ. “ರಾತ್ರಿ ಅಲ್ಲಿ ದೀಪ ಉರಿಯುತ್ತಾ?” ಎಂದೆ. ಉರಿಯುತ್ತಿತ್ತು. ಚೆನ್ನಾಗಿ ಕಾಣಲೆಂದು ಹಸಿರುಮನೆಯ ಸುತ್ತ ಸಣ್ಣ ಬಲ್ಬುಗಳ ಸರ ಬಿಟ್ಟಿದ್ದನು.

ಇದನ್ನು ಹಿಡಿಯಲು ಚಿಕ್ಕಬಳ್ಳಾಪುರದವನೇ ಆಗಬೇಕು. ನಮ್ಮ ಕಡೆ ಚಳಿಗಾಲದ ರಾತ್ರಿಗಳಲ್ಲಿ ರಸ್ತೆಯಲ್ಲಿ ಹೋಗುವವರಿಗೆ ದೂರದ ಹೊಲಗಳಲ್ಲಿ ಸಾಲು ಸಾಲು ಬಲ್ಬುಗಳು ಉರಿಯುವುದು ಕಾಣುತ್ತದೆ. ಹೊಸಬರು ಜಾತ್ರೆ ಎಂದುಕೊಳ್ಳುತ್ತಾರೆ. ಅದು ಸೇವಂತಿಗೆ. ರಾತ್ರಿ ದೀರ್ಘವಾದರೆ ಮಾತ್ರ ಮೊಗ್ಗು ಕಟ್ಟುವ ಜಾತಿಯದು. ಗಿಡ ಇನ್ನೂ ಎಳೆಯದಾಗಿರುವಾಗಲೇ ಹೂವು ಬಿಟ್ಟು ಸೊರಗದಿರಲೆಂದು ರೈತರು ರಾತ್ರಿ ಬೆಳಕು ಕೊಟ್ಟು, ಇನ್ನೂ ಬೇಸಿಗೆಯೇ ಇದೆ ಎಂದು ಅದನ್ನು ನಂಬಿಸುತ್ತಾರೆ; ಗಿಡ ಮೈತುಂಬಿದ ಮೇಲೆ ದೀಪ ಆರಿಸಿ ಹೂವು ಪಡೆಯುತ್ತಾರೆ. 1920ರಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ತಂಬಾಕಿನ ಗಿಡದಲ್ಲಿ ತೋರಿಸಿಕೊಟ್ಟ ಸಂಗತಿ ಇದು. ತರಗತಿಯಲ್ಲಿ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಬಲ್ಬಿನ ಸರ ಕೀಳಿಸಿ, ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಹಸಿರುಮನೆಗೆ ಕಪ್ಪು ಹೊದಿಕೆ ಹಾಕಿಸಿದೆ. ಎಲ್ಲೂ ಬೆಳಕು ನುಸುಳದಂತೆ ಹೊದಿಸುವ ಕ್ರಮ ಅವನಿಗೆ ಅರ್ಥವಾಗದಿದ್ದುದರಿಂದ, ನನ್ನ ಹಸಿರುಮನೆಯಲ್ಲೂ ನಾಲ್ಕು ಪುಂಡಿ ಗಿಡಗಳಿದ್ದವಲ್ಲ, ಅದಕ್ಕೇ ತೋಟಗಾರರು ಬಳಸುವ ಕಪ್ಪು ಮಲ್ಚಿಂಗ್ ಶೀಟು ಹೊದಿಸಿ ವಿಡಿಯೊದಲ್ಲಿ ತೋರಿಸಿದೆ. ಶಿಷ್ಯ ಮಾಡುವುದನ್ನು ಗುರುವೂ ಮಾಡಬೇಕೆಂಬ ಹುರುಪಿನಿಂದ ದಿನವೂ ಸಂಜೆ ಹೊದಿಸಿ ಬೆಳಿಗ್ಗೆ ತೆಗೆಯುವುದನ್ನೂ ರೂಢಿ ಮಾಡಿಕೊಂಡೆ.

ಎರಡು ವಾರಕ್ಕೆ ಅಲ್ಲಿ ಮೊಗ್ಗು ಬಂದಿತು. ಆ ದಿನ ಅಳಿಯ ಕೇಳಿದ ಪ್ರಶ್ನೆಯೊಂದೇ ಸಾಕಾಗಿತ್ತು, ನನಗೆ ಬುದ್ಧಿಯಿದ್ದಿದ್ದರೆ. “ಮಾವ, ಒಂದು ಗಿಡ ಗಂಡು ಅನ್ಸುತ್ತೆ, ಕಿತ್ತು ಹಾಕ್ಲಾ?” ಎಂದನು. ಪರಂಗಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಇರುವುದರ ಬಗ್ಗೆ ನಾನು ಹತ್ತು ನಿಮಿಷ ಪಾಠ ಮಾಡಿ, ಕಿತ್ತುಹಾಕೆಂದು ಅಪ್ಪಣೆ ಕೊಟ್ಟೆ. ಪುಂಡಿ ದಾಸವಾಳದ ಕುಲದ್ದು. ಒಂದೇ ಹೂವಿನಲ್ಲಿ ಕೇಸರವೂ ಶಲಾಕೆಯೂ ಇರುವುದನ್ನು ತೋರಿಸಲು ಮೂವತ್ತೊಂದು ವರ್ಷ ಮಕ್ಕಳೆದುರು ಬ್ಲೇಡಿನಿಂದ ಸೀಳಿದ್ದು ಅದೇ ದಾಸವಾಳವನ್ನು.

ಹೂವಿನ ಚಿತ್ರ ಬಂದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಫೋನಿನಲ್ಲೇ ಕೆನಡಾದ ಗಿಡಕ್ಕೆ ಹೂವು ಬಿಡಿಸಿದೆನೆಂದು ಕ್ಷೌರದಂಗಡಿಯಲ್ಲಿ, ಹೂವಿನ ಮಂಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಕೊನೆಗೆ ನನ್ನ ಹೆಂಡತಿಯ ಭಜನಾ ಮಂಡಳಿಯವರಿಗೂ ತೋರಿಸಿದೆ. ಕೆರೆ ಏರಿಯ ಮೇಲೆ ನನ್ನ ಜೊತೆ ನಡೆಯುವವರಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರಿದ್ದಾರೆ. ಮೊಣಕಾಲು ನೋವಿನಿಂದ ಹದಿನೈದು ದಿನ ಬಾರದಿದ್ದವರು ಅಂದು ಬಂದಿದ್ದರು. ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಅವರ ಮುಂದೆ ಹಿಡಿದೆ. ತುದಿಯಲ್ಲಿ ದಟ್ಟವಾದ ಹಸಿರು ಗೊಂಚಲು, ಅದರ ಮೇಲೆ ಸಕ್ಕರೆ ಉದುರಿಸಿದಂತೆ ಹೊಳೆಯುವ ಅಂಟು. ಅವರು ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡರು.

“ಮೇಷ್ಟ್ರೇ, ಇದನ್ನ ಯಾರ್‍ಯಾರಿಗೆ ತೋರಿಸಿದ್ದೀರಿ?”

“ಯಾರಿಗಿಲ್ಲ ಹೇಳಿ!”

“ಮೊದಲು ಫೋನ್ ಜೇಬಲ್ಲಿಡಿ. ಗಾಂಜಾ ಇದು.”

ನಾನು ಅದು ಪುಂಡಿ ಸೊಪ್ಪೆಂದು ವಾದಿಸಿದೆ. ಅವರು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು: ಈಗಿನ ಹುಡುಗರ ಭಾಷೆಯಲ್ಲಿ ‘ಸೊಪ್ಪು’ ಎಂದರೇ ಗಾಂಜಾ. ಅನಂತರ, ಒಂದೇ ಗಿಡವಾದರೂ ಸರಿ, ನಮ್ಮಲ್ಲಿ ಬೆಳೆದರೆ 1985ರ ಮಾದಕ ವಸ್ತು ಕಾಯ್ದೆಯ 20ನೆಯ ಕಲಮಿನಂತೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಎಂದು, ವಾಕಿಂಗ್ ಕೋಲನ್ನು ಲಾಠಿಯಂತೆ ಕಂಕುಳಿನಲ್ಲಿ ಇಟ್ಟುಕೊಂಡು ತಿಳಿಸಿದರು. ಕೊನೆಗೆ ಮೆಲ್ಲನೆ, “ನಿಮ್ಮ ಹಿತ್ತಲಲ್ಲಿ ಸಂಜೆ ಆದ್ರೆ ಕಪ್ಪು ಹೊದಿಸ್ತೀರಂತಲ್ಲ, ಅದೇನು?” ಎಂದರು. ಬಡಾವಣೆಯಲ್ಲಿ ಆಗಲೇ ಮಾತು ನಡೆದಿತ್ತು.

ಅವರನ್ನು ಅಲ್ಲಿಂದಲೇ ಮನೆಗೆ ಕರೆತಂದೆ. ಅವರು ಹಸಿರುಮನೆಯೊಳಗೆ ಹೋಗಿ ಒಂದು ಎಲೆ ಕಿತ್ತು, ಹಿಂದೆ ಮುಂದೆ ತಿರುಗಿಸಿ, ಬೆರಳಿನ ನಡುವೆ ಹೊಸಕಿ, ಮೂಸಿ ನೋಡಿದರು. ಗಾಂಜಾದಲ್ಲಿ ಬೆರಳುಗಳು ಬುಡದವರೆಗೂ ಬಿಡಿಬಿಡಿಯಾದ ಎಲೆಗಳು. ಪುಂಡಿಯದು ಒಂದೇ ಎಲೆ, ಸೀಳು ಎಷ್ಟೇ ಆಳವಾಗಿದ್ದರೂ ಬುಡದಲ್ಲಿ ಕೂಡಿಕೊಂಡಿರುತ್ತದೆ. ಅಷ್ಟಕ್ಕೂ ತೃಪ್ತರಾಗದೆ ಬಾಯಿಗೆ ಹಾಕಿ ಅಗಿದರು. ಹುಳಿಗೆ ಒಂದು ಕಣ್ಣು ಮುಚ್ಚಿಹೋಯಿತು. “ಪುಂಡಿನೇ” ಎಂದು ತೀರ್ಪಿತ್ತರು. ನನ್ನ ಹೆಂಡತಿ ಒಂದು ಕಟ್ಟು ಕಿತ್ತು ಅವರ ಕೈಗೆ ಕೊಟ್ಟಳು. ಹೋಗುವಾಗ ಅದನ್ನು ಅವರು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಹೋದದ್ದು ನನ್ನ ಮೇಲಿನ ಉಪಕಾರವೇ ಸರಿ.

ಎಡವಿದವನು ನಾನೊಬ್ಬನೇ ಅಲ್ಲವೆಂಬುದು ಸಮಾಧಾನ. ಪುಂಡಿಯ ಒಂದು ಜಾತಿಗೆ ಲಿನೇಯಸ್ ಇಟ್ಟ ಹೆಸರೇ ಹೈಬಿಸ್ಕಸ್ ಕ್ಯಾನಬಿನಸ್, ಎಂದರೆ ಗಾಂಜಾದಂತಹ ದಾಸವಾಳ. ಇನ್ನೊಂದು ಸಂಗತಿ ಓದಿ ಮಾತ್ರ ಮುಖ ಸಪ್ಪಗಾಯಿತು: ಗಾರ್ನರ್ ಮತ್ತು ಅಲಾರ್ಡರಿಗಿಂತ ಎಂಟು ವರ್ಷ ಮೊದಲೇ, 1912ರಲ್ಲಿ, ಹಗಲು ಕಿರಿದಾದರೆ ಹೂವು ಬೇಗ ಬರುವುದನ್ನು ಟೂರ್ನುವಾ ಎಂಬ ಫ್ರೆಂಚ್ ವಿಜ್ಞಾನಿ ಗಮನಿಸಿದ್ದು ಸಾಕ್ಷಾತ್ ಗಾಂಜಾ ಕುಲದ ಗಿಡದಲ್ಲೇ.

ಮರುದಿನ ಬೆಳಿಗ್ಗೆ ಆರೂವರೆಗೆ ನಾನೇ ಫೋನು ಮಾಡಿ ಯಾಕೆ ಸುಳ್ಳು ಹೇಳಿದೆಯೆಂದು ಗದರಿಸಿದೆ. “ನಾನು ಸೊಪ್ಪು ಅಂದೆ ಮಾವ, ಪುಂಡಿ ಅಂದಿದ್ದು ನೀವು” ಎಂದನು. ಅಲ್ಲಿ 2018ರ ಅಕ್ಟೋಬರ್ 17ರಿಂದ ಅದು ಕಾನೂನುಬದ್ಧವಂತೆ. ಮನೆಗೆ ನಾಲ್ಕು ಗಿಡ ಎಂಬುದು ಆ ಕಾಯ್ದೆಯ ಮಾತೇ ಅಂತೆ. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ಮಾತ್ರ ಮನೆಯಲ್ಲಿ ಬೆಳೆಯುವಂತಿಲ್ಲವಂತೆ. ಅಂಗಡಿಯಲ್ಲಿ ಸಿಗುವುದಾದರೆ ಇಷ್ಟು ಪಾಡೇಕೆ ಎಂದು ಕೇಳಿದೆ. “ನಾವೇ ಬೆಳೆದದ್ದು ಅನ್ನೋ ಖುಷಿ ಮಾವ” ಎಂದನು. ಕಿಲೋಗೆ ಹತ್ತು ರೂಪಾಯಿಗೆ ಬೀದಿಯಲ್ಲಿ ಬಿದ್ದಿರುವ ಟೊಮೆಟೊವನ್ನು ಹಿತ್ತಲಿನಲ್ಲಿ ಬೆಳೆಯುವ ನಾನು ಇದಕ್ಕೆ ಏನು ಉತ್ತರ ಕೊಡಲಿ?

ಈಗ ಉಳಿದಿರುವುದು ನನ್ನ ತಂಗಿಯ ವಿಷಯ. ಈ ವರ್ಷವೂ ಅಲ್ಲಿ ನಾಲ್ಕು ಗಿಡಗಳೆದ್ದಿವೆ, ಮತ್ತು ಅವಳು ಆಗಸ್ಟಿನಲ್ಲಿ ಮಗನ ಮನೆಗೆ ಹೊರಟಿದ್ದಾಳೆ. ಅವಳಿಗೆ ನೀವೇ ಹೇಳಿ ಎಂದು ಅವನೂ, ಪುಂಡಿ ಎಂದು ಸಾರಿದವರು ನೀವೇ ಅಲ್ಲವೇ ಎಂದು ನನ್ನ ಹೆಂಡತಿಯೂ ಹೊಣೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಆ ಗಿಡದ ಸತ್ವ ನೀರಿನಲ್ಲಿ ಕರಗುವುದಿಲ್ಲ, ಬಿಸಿ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ ಎಂದು ಓದಿದಂದಿನಿಂದ ನನಗೆ ನಿದ್ರೆ ಸರಿಯಾಗಿ ಬರುತ್ತಿಲ್ಲ. ನಿನ್ನೆ ಅವಳು ಫೋನು ಮಾಡಿ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಸಣ್ಣ ಒರಳು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದ್ದಾಯಿತೆಂದು ವರದಿ ಕೊಟ್ಟಳು.

“ಸೊಪ್ಪು ಎಣ್ಣೇಲಿ ಚೆನ್ನಾಗಿ ಬಾಡಿಸ್ಬೇಕಲ್ಲ, ಒಳ್ಳೆಣ್ಣೆ ಎರಡು ಲೀಟರ್ ಸಾಕೇನೋ ಅಣ್ಣ?” ಎಂದು ಕೇಳಿದಳು.

“ಎಣ್ಣೆ ಅಲ್ಲೇ ಸಿಗುತ್ತಮ್ಮ” ಎಂದೆ.