ನಿಮ್ಮ ಹೊಟ್ಟೆಗೆ ಇದೇ ಸರಿ!

ವೈದ್ಯಲೋಕದಲ್ಲಿ ದಿನಾ ಒಂದು ಪವಾಡ ನಡೆಯುತ್ತದೆ, ಯಾರೂ ಅದನ್ನು ಸುದ್ದಿ ಮಾಡುವುದಿಲ್ಲ. ತೂಕ ಇಳಿಸುವ ಸರ್ಜರಿ ಮಾಡಿಸಿಕೊಳ್ಳೋಣ ಎಂದು ಒಬ್ಬರು ಸರ್ಜನ್ ಹತ್ತಿರ ಹೋಗುತ್ತಾರೆ. ಸರ್ಜನ್ ಎತ್ತರ ನೋಡುತ್ತಾರೆ, ತೂಕ ನೋಡುತ್ತಾರೆ, ರಿಪೋರ್ಟುಗಳನ್ನು ತಿರುವಿ ಹಾಕುತ್ತಾರೆ. ಒಂದು ಕ್ಷಣ ಕಣ್ಣು ಮುಚ್ಚಿ ಯೋಚಿಸಿ ಹೇಳುತ್ತಾರೆ: "ನಿಮ್ಮ ಬಾಡೀಗೆ ಸ್ಲೀವ್ ಬೆಸ್ಟು." ಅದೇ ಬಾಡಿಯನ್ನು ಇನ್ನೊಬ್ಬರ ಹತ್ತಿರ ತೆಗೆದುಕೊಂಡು ಹೋದರೆ ಅದಕ್ಕೆ ಬೈಪಾಸ್ ಬೆಸ್ಟು. ಮೂರನೆಯವರ ಹತ್ತಿರ ಹೋದರೆ ಮಿನಿ ಬೈಪಾಸ್. (ಸ್ಲೀವ್ ಎಂದರೆ ಜಠರವನ್ನು ಕತ್ತರಿಸಿ ಕೊಳವೆಯಂತೆ ಮಾಡುವುದು. ಬೈಪಾಸ್ ಎಂದರೆ ಇಲ್ಲಿ ಹೃದಯದ್ದಲ್ಲ, ಜಠರವನ್ನು ಪುಟ್ಟ ಚೀಲ ಮಾಡಿ ಊಟವನ್ನು ಸೀದಾ ಸಣ್ಣ ಕರುಳಿಗೆ ದಾಟಿಸುವುದು. ಮಿನಿ ಅದರ ಸರಳ ರೂಪ.) ಇದರಲ್ಲಿ ಪವಾಡ ಏನು ಬಂತು ಅಂತೀರಾ? ಮೊದಲನೆಯವರು ಮಾಡುವುದೇ ಸ್ಲೀವ್. ಎರಡನೆಯವರ ಕೈ ಕುದುರಿರುವುದು ಬೈಪಾಸಿನಲ್ಲಿ. ಮೂರನೆಯವರು ಮಿನಿ ಬೈಪಾಸ್ ಕಲಿತು ಈಗಷ್ಟೇ ಬಂದಿದ್ದಾರೆ. ಇಷ್ಟೊಂದು ಹೊಟ್ಟೆಗಳಲ್ಲಿ ಒಂದಾದರೂ ದಾರಿ ತಪ್ಪಿ ಬೇರೆ ಬಾಗಿಲಿಗೆ ಹೋಗಬೇಡವೇ? ಇಲ್ಲ. ಪ್ರತಿಯೊಂದೂ ತನಗೆ ತಕ್ಕ ಸರ್ಜರಿ ಮಾಡುವವರ ಬಾಗಿಲನ್ನೇ ಹುಡುಕಿಕೊಂಡು ಹೋಗಿ ಟೋಕನ್ ಹಿಡಿದು ಕೂತಿರುತ್ತದೆ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ಗಾದೆ. ಅದಕ್ಕೊಂದು ಬಾಲ ಸೇರಿಸಬಹುದು: ವೈದ್ಯರಿಗೆ ಮಾಡಲು ಬರುವುದೂ ಹಾಲು ಅನ್ನವೇ.

ಸರ್ಜರಿಯೇ ಬೇಡ ಎನ್ನುವ ಗುಂಪಿಗೆ ನಾನು ಸೇರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದಿದೆ. ಸರ್ಜರಿ ಆದವರನ್ನೂ ಆಗದವರನ್ನೂ ವರ್ಷಗಟ್ಟಲೆ ಗಮನಿಸಿ 2007ರಲ್ಲಿ ಲೆಕ್ಕ ಕೊಟ್ಟಾಗ, ಸರ್ಜರಿ ಆದವರಲ್ಲಿ ಸಾವು ಕಡಿಮೆ ಇತ್ತು. ಎಷ್ಟೋ ಜನರ ಸಕ್ಕರೆ ಕಾಯಿಲೆ ಇದರಿಂದ ಹತೋಟಿಗೆ ಬಂದಿದೆ. ನನಗೆ ಸೋಜಿಗ ಹುಟ್ಟಿಸುವುದು ಬೇರೆ ವಿಷಯ. ಯಾವ ಸರ್ಜರಿ ಎಂದು ತೀರ್ಮಾನ ಆಗುತ್ತದಲ್ಲ, ಆ ಹತ್ತು ನಿಮಿಷ.

ಅದು ನಡೆಯುವುದು ಹೀಗೆ. ಮೇಜಿನ ಮೇಲೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಜಠರ ಇರುತ್ತದೆ. ಬಿಚ್ಚಿ ಜೋಡಿಸಬಹುದಾದದ್ದು. ಡಾಕ್ಟರು ಅದರ ದೊಡ್ಡ ಭಾಗವನ್ನು ಟಕ್ ಎಂದು ಕಿತ್ತು ಪಕ್ಕಕ್ಕೆ ಇಡುತ್ತಾರೆ. ಕೈಯಲ್ಲಿ ಕೊಳವೆಯಂಥದ್ದು ಉಳಿಯುತ್ತದೆ. "ಇಷ್ಟೇ ನೋಡಿಮ್ಮ ಸ್ಲೀವ್ ಅಂದ್ರೆ. ತುಂಬಾ ಸಿಂಪಲ್." ಮುಂದಿನ ರೋಗಿ ಬರುವಷ್ಟರಲ್ಲಿ ಕಿತ್ತ ಭಾಗವನ್ನು ಮತ್ತೆ ಟಕ್ ಎಂದು ಜೋಡಿಸಿ ಇಡುತ್ತಾರೆ. ಪ್ಲಾಸ್ಟಿಕ್ಕಿನದಕ್ಕೆ ಆ ಸೌಲಭ್ಯ ಇದೆ. ನಿಮ್ಮದರಲ್ಲಿ 75ರಿಂದ 80 ಪರ್ಸೆಂಟ್ ಕತ್ತರಿಸಿ ತೆಗೆದ ಮೇಲೆ ಅದು ಹೋದ ಹಾಗೇ.

"ಡಾಕ್ಟ್ರೇ, ನಂಗೆ ರಾತ್ರಿ ಮಲಗಿದ್ರೆ ಎದೆ ಉರಿ. ಹುಳಿ ಗಂಟಲಿನವರೆಗೂ ಬರುತ್ತೆ."

"ತೂಕ ಇಳಿದ್ರೆ ಅದೂ ಸರಿಹೋಗುತ್ತಮ್ಮ."

"ಮತ್ತೆ ಆ ಬೈಪಾಸ್ ಅಂತಾರಲ್ಲ..."

ಈ ಹಂತದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತ ಗಂಡ ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಾರೆ. "ಸುಮ್ನಿರೇ, ಡಾಕ್ಟ್ರಿಗೆ ಗೊತ್ತಿಲ್ವಾ?"

ಡಾಕ್ಟರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಸ್ಲೀವ್ ಆದ ಮೇಲೆ ಎದೆ ಉರಿ ಹೋದವರೂ ಇದ್ದಾರೆ. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಎರಡೂ ಸರ್ಜರಿಗಳನ್ನು ಅಕ್ಕಪಕ್ಕ ಇಟ್ಟು ಐದು ವರ್ಷ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ತೂಕದ ವಿಷಯದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಎದೆ ಉರಿಯ ವಿಷಯದಲ್ಲಿ ಕಂಡಿತು. ಸ್ಲೀವ್ ಆದವರಲ್ಲಿ 31.8 ಪರ್ಸೆಂಟ್ ಜನರಿಗೆ ಅದು ಹೆಚ್ಚಾಯಿತು, ಬೈಪಾಸ್ ಆದವರಲ್ಲಿ 6.3 ಪರ್ಸೆಂಟ್ ಜನರಿಗೆ. ಎಂದರೆ, ಯಾವ ಸರ್ಜರಿ ಎಂದು ತೀರ್ಮಾನಿಸಲು ಬೇಕಾದ ಒಂದೇ ಒಂದು ಮಾತನ್ನು ಆಕೆ ಬಾಯಿಬಿಟ್ಟು ಹೇಳಿಯೂ ಆಗಿತ್ತು. ಅದಕ್ಕೆ ಸಿಕ್ಕಿದ್ದು ಮೊಣಕೈ ತಿವಿತ. ಮುಂದೆಂದೋ ಎದೆ ಉರಿ ತಡೆಯಲಾಗದೆ ಆಕೆ ವಾಪಸ್ ಬಂದರೆ ಸ್ಲೀವನ್ನು ಬೈಪಾಸಿಗೆ ಬದಲಾಯಿಸಿ ಕೊಡುತ್ತಾರೆ. ಅದಕ್ಕೆ ರಿವಿಷನ್ ಎಂದು ಹೆಸರು. ಓದಿದ್ದನ್ನೇ ಇನ್ನೊಮ್ಮೆ ಓದುವುದಕ್ಕೂ ಅದೇ ಹೆಸರು, ಇರಲಿ ಬಿಡಿ.

ಇನ್ನು ಪರ್ಸೆಂಟಿನ ಮಾತು. "ಅರವತ್ತು ಪರ್ಸೆಂಟ್ ತೂಕ ಇಳಿಯುತ್ತೆ" ಎನ್ನುತ್ತಾರೆ. 120 ಕೆಜಿ ಇರುವವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. 72 ಕೆಜಿ ಹೋದರೆ ಉಳಿಯುವುದು 48. ಮುಖ ಅರಳುತ್ತದೆ. ಮದುವೆಯ ಆಲ್ಬಮ್ಮಿನಲ್ಲೂ ಅಷ್ಟು ತೆಳ್ಳಗೆ ಇರಲಿಲ್ಲ! ಆ ಅರವತ್ತು ಪರ್ಸೆಂಟ್ ಲೆಕ್ಕ ಇಡೀ ತೂಕದ್ದಲ್ಲ, ಹೆಚ್ಚುವರಿ ತೂಕದ್ದು ಎನ್ನುವುದನ್ನು ಹೇಳಿರುತ್ತಾರೆ, ಆದರೆ ತುಂಬಾ ವೇಗವಾಗಿ. ಅವರ ಎತ್ತರಕ್ಕೆ 70 ಕೆಜಿ ಇರಬೇಕು ಎಂದುಕೊಂಡರೆ ಹೆಚ್ಚುವರಿ 50. ಅದರ ಅರವತ್ತು ಪರ್ಸೆಂಟ್ ಅಂದರೆ 30. ಇಡೀ ತೂಕದ ಲೆಕ್ಕದಲ್ಲಿ ಕಾಲು ಭಾಗ. ಮೂವತ್ತು ಕೆಜಿ ಇಳಿಯುವುದು ದೊಡ್ಡ ವಿಷಯವೇ. ಅದನ್ನು ಮೂವತ್ತು ಕೆಜಿ ಎಂದೇ ಹೇಳಲು ಯಾರಿಗೆ ಏನು ಸಂಕಟವೋ.

ಹಳೆಯ ರೋಗಿಗಳಿಗೂ ತಮಗೆ ಹೇಳಿದ ಸರ್ಜರಿಯೇ ಬೆಸ್ಟು ಎಂಬ ಇದೇ ನಿಶ್ಚಿಂತೆ ಇತ್ತು ಎನ್ನುವುದು ಸಮಾಧಾನದ ವಿಷಯ. 1954ರ ಸುಮಾರಿಗೆ ಅಮೆರಿಕದಲ್ಲಿ ಸಣ್ಣ ಕರುಳಿನ ಬಹುಭಾಗವನ್ನೇ ದಾಟಿಸಿ ಜೋಡಿಸುವ ಸರ್ಜರಿ ಬಂತು. ತೂಕ ಚೆನ್ನಾಗಿ ಇಳಿಯಿತು. ಜತೆಗೆ ಲಿವರ್ ಕೈಕೊಟ್ಟಿತು, ಕಿಡ್ನಿಯಲ್ಲಿ ಕಲ್ಲು ಬಂತು. ಆಮೇಲೆ ಅದನ್ನು ಬಿಟ್ಟರು. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಎಂಬ ಸರ್ಜನ್ ಜಠರದ ಬೈಪಾಸ್ ಶುರು ಮಾಡಿದರು. ಅವರೇ 1980ರ ಹೊತ್ತಿಗೆ ಜಠರಕ್ಕೆ ಸ್ಟೇಪಲ್ ಹೊಡೆದು ಪಟ್ಟಿ ಕಟ್ಟುವ ಇನ್ನೊಂದು ವಿಧಾನ ತಂದರು. ಅದೂ ಜೋರಾಗಿ ನಡೆದು ನಿಂತಿತು. 2001ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬ್ಯಾಂಡಿಗೆ ಒಪ್ಪಿಗೆ ಕೊಟ್ಟಿತು. ಜಠರದ ಸುತ್ತ ಒಂದು ಬಳೆ ಹಾಕುವುದು, ಚರ್ಮದ ಕೆಳಗೆ ಇಟ್ಟ ಪುಟ್ಟ ಡಬ್ಬಿಗೆ ಸೂಜಿ ಚುಚ್ಚಿ ನೀರು ತುಂಬಿ ಅದನ್ನು ಬಿಗಿ ಮಾಡುವುದು. ಕತ್ತರಿಸುವುದಿಲ್ಲ, ಬೇಡವೆಂದರೆ ತೆಗೆಯಬಹುದು ಎಂದರು. ಹಾಗೆಯೇ ಆಯಿತು. ಬಳೆ ಜಾರಿತು, ಕೆಲವರಿಗೆ ಒಳಗೆ ಕೊರೆಯಿತು, ಎಷ್ಟೋ ಜನ ಬೇಡವೆಂದು ತೆಗೆಸಿಕೊಂಡರು. ಈಗ ರಾಜ್ಯ ಆಳುತ್ತಿರುವ ಸ್ಲೀವ್ ಇದೆಯಲ್ಲ, ಅದರ ಕಥೆ ಇನ್ನೂ ಚೆಂದ. ತುಂಬಾ ದಪ್ಪ ಇರುವವರಿಗೆ ದೊಡ್ಡ ಸರ್ಜರಿಯನ್ನು ಒಂದೇ ಸಲ ಮಾಡುವುದು ಅಪಾಯ ಎಂದು ಎರಡು ಹಂತ ಮಾಡಿದರು. ಸ್ಲೀವ್ ಅದರ ಮೊದಲರ್ಧ ಅಷ್ಟೇ. ಮೊದಲರ್ಧಕ್ಕೇ ತೂಕ ಇಳಿಯುವುದು ಕಂಡಿತು. ಮಧ್ಯಂತರದಲ್ಲೇ ಶುಭಂ ಎಂದು ತೋರಿಸಿ ದೀಪ ಹಾಕಿಬಿಟ್ಟರು.

ಮನುಷ್ಯನ ಜಠರ 1954ರಿಂದ ಈಚೆಗೆ ಬದಲಾದ ಸುದ್ದಿ ಇಲ್ಲ. ಆದರೂ ಆಯಾ ಕಾಲದ ಎಲ್ಲ ಜಠರಗಳಿಗೂ ಆಯಾ ಕಾಲದ ಸರ್ಜರಿಯೇ ಸರಿಯಾಗಿ ಹೊಂದಿಕೊಂಡಿತು. ಬ್ಯಾಂಡಿನ ಕಾಲದಲ್ಲಿ ಬಂದವರಿಗೆಲ್ಲ ಬ್ಯಾಂಡ್ ಬೆಸ್ಟ್ ಇತ್ತು.

ಸರ್ಜನ್ನರ ಪರವಾಗಿಯೂ ಒಂದು ಮಾತು ಇದೆ, ಅದು ಗಟ್ಟಿ ಮಾತು. ಕೈ ಪಳಗಿದ ಸರ್ಜರಿಯನ್ನೇ ಮಾಡಿದರೆ ರೋಗಿಗೂ ಒಳ್ಳೆಯದು. ವರ್ಷಕ್ಕೆ ನಾಲ್ಕು ಬೈಪಾಸ್ ಮಾಡುವವರ ಕೈಗೆ ಬೈಪಾಸ್ ಕೊಡುವುದಕ್ಕಿಂತ ದಿನಾ ಸ್ಲೀವ್ ಮಾಡುವವರ ಕೈಗೆ ಸ್ಲೀವ್ ಕೊಡುವುದು ಮೇಲು ಎನಿಸಬಹುದು. ಒಪ್ಪಿದೆ. ಹಾಗಾದರೆ ಅದನ್ನೇ ಹೇಳಬಹುದಲ್ಲ? "ನಿಮಗೆ ಬೈಪಾಸ್ ಸರಿ ಅನ್ಸುತ್ತೆ, ನಾನು ಅದನ್ನ ಜಾಸ್ತಿ ಮಾಡಲ್ಲ, ಇಂಥವರ ಹತ್ರ ಹೋಗಿ." ಹೇಳುವವರು ಇದ್ದಾರೆ. ಅವರಿಗೆ ನಮಸ್ಕಾರ. ಆದರೆ ನಾವು ಅವರ ಬಗ್ಗೆ ಹೊರಗೆ ಬಂದು ಏನು ಮಾತಾಡುತ್ತೇವೆ ಗೊತ್ತಾ? "ಆ ಡಾಕ್ಟ್ರಿಗೆ ಕಾನ್ಫಿಡೆನ್ಸೇ ಇಲ್ಲ ಕಣ್ರೀ. ಬೇರೆಯವರ ಹತ್ರ ಕಳಿಸ್ತಾರೆ."

ತಪ್ಪು ಅರ್ಧ ನಮ್ಮದೇ. ಒಂದು ಮೊಬೈಲ್ ಕೊಳ್ಳುವಾಗ ಬ್ಯಾಟರಿ ಎಷ್ಟು, ಕ್ಯಾಮೆರಾ ಎಷ್ಟು, ಬಿಸಿಯಾಗುತ್ತಾ, ವಾರಂಟಿ ಏನು ಎಂದು ಅಂಗಡಿ ಹುಡುಗನ ಪ್ರಾಣ ತಿನ್ನುತ್ತೇವೆ. ಇಲ್ಲಿ ಕೇಳುವುದು ಎರಡೇ: "ಗಾಯದ ಗುರುತು ಕಾಣುತ್ತಾ ಡಾಕ್ಟ್ರೇ? ಕೆಲಸಕ್ಕೆ ಯಾವಾಗ ಹೋಗ್ಬಹುದು?" ಎಷ್ಟು ಸರ್ಜರಿ ಮಾಡಿದ್ದೀರಿ, ಎಷ್ಟು ಜನರಿಗೆ ಹೊಲಿಗೆ ಸೋರಿತು, ಎಷ್ಟು ಜನರನ್ನು ಮತ್ತೆ ಥಿಯೇಟರಿಗೆ ಕರೆದೊಯ್ಯಬೇಕಾಯಿತು ಎಂದು ಕೇಳುವುದು ಅಪಶಕುನ ಮತ್ತು ಅವಿನಯ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಈ ಅವಿನಯವನ್ನು ಸರ್ಜನ್ನರೇ ಮಾಡಿದರು. 20 ಸರ್ಜನ್ನರು ಬೈಪಾಸ್ ಮಾಡುವಾಗಿನ ತಮ್ಮ ವಿಡಿಯೊ ಕೊಟ್ಟರು. ಯಾರ ಕೈ ಎಂದು ತಿಳಿಯದ ಹಾಗೆ ಬೇರೆ ಸರ್ಜನ್ನರು ನೋಡಿ ಮಾರ್ಕ್ಸ್ ಹಾಕಿದರು. 2013ರಲ್ಲಿ ಅದು ಪ್ರಕಟವಾಯಿತು. ಕಡಿಮೆ ಮಾರ್ಕ್ಸ್ ಬಂದ ಕಾಲು ಭಾಗದವರ ರೋಗಿಗಳಲ್ಲಿ 14.5 ಪರ್ಸೆಂಟ್ ಜನರಿಗೆ ತೊಡಕಾಗಿತ್ತು. ಹೆಚ್ಚು ಮಾರ್ಕ್ಸ್ ಬಂದವರ ರೋಗಿಗಳಲ್ಲಿ 5.2. ಎಲ್ಲರೂ ಮಾಡಿದ್ದು ಒಂದೇ ಸರ್ಜರಿ. ಎಲ್ಲರ ಹೊರಗೋಡೆಯ ಮೇಲೂ ಚೌಕಟ್ಟು ಹಾಕಿದ ಡಿಗ್ರಿಗಳು ಇದ್ದೇ ಇರುತ್ತವೆ.

ಗೋಡೆ ಎಂದಾಗ ನೆನಪಾಯಿತು, ಅಲ್ಲಿನ ಫೋಟೊಗಳು. ಎಡಗಡೆ ಸರ್ಜರಿಗೆ ಮುಂಚೆ, ಬಲಗಡೆ ಆಮೇಲೆ. ಎಡಗಡೆಯವರು ಟ್ಯೂಬ್‌ಲೈಟ್ ಬೆಳಕಿನಲ್ಲಿ, ಸುಕ್ಕಾದ ಬಟ್ಟೆಯಲ್ಲಿ, ಯಾರೋ ಬೈದು ನಿಲ್ಲಿಸಿದ ಹಾಗೆ ನಿಂತಿರುತ್ತಾರೆ. ಬಲಗಡೆಯವರಿಗೆ ತೂಕ ಇಳಿದದ್ದರ ಜತೆಗೆ ಕೂದಲಿಗೆ ಬಣ್ಣ, ತುಟಿಗೆ ನಗು, ಹಿಂದೆ ಹೂತೋಟ. ಫೋಟೊ ತೆಗೆದದ್ದು ಯಾವಾಗ ಎಂದು ಮಾತ್ರ ಬರೆದಿರುವುದಿಲ್ಲ. ಸಾಮಾನ್ಯವಾಗಿ ತೂಕ ತೀರಾ ಕೆಳಗೆ ಇಳಿಯುವುದು ಮೊದಲ ಒಂದೆರಡು ವರ್ಷದಲ್ಲಿ. ಕ್ಯಾಮೆರಾದವರು ಬರುವುದೂ ಆಗಲೇ. ಐದನೇ ವರ್ಷದ ಫೋಟೊಗೆ ಗೋಡೆಯಲ್ಲಿ ಜಾಗ ಇಲ್ಲ. ದಿನಾ ವಿಟಮಿನ್ ಮಾತ್ರೆ ನುಂಗುವ ಫೋಟೊ ತೆಗೆದರೆ ಕಳೆಗಟ್ಟುವುದಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಎಂದು ಅದು ಜೀವನಪೂರ್ತಿ ನಡೆಯುವ ಕೆಲಸ.

ಕೊನೆಗೆ ಒಪ್ಪಿಗೆ ಪತ್ರ. ಸರ್ಜರಿಯ ಹಿಂದಿನ ರಾತ್ರಿ, ಬೆನ್ನ ಹಿಂದೆ ದಾರ ಕಟ್ಟುವ ಆ ಹಸಿರು ಗೌನು ಹಾಕಿಸಿ, ಬಲಗೈಗೆ ಡ್ರಿಪ್ಪಿನ ಸೂಜಿ ಚುಚ್ಚಿದ ಮೇಲೆ ನರ್ಸಮ್ಮ ತರುತ್ತಾರೆ. "ಇಲ್ಲೊಂದು ಸೈನ್ ಹಾಕಿ, ಇಲ್ಲೊಂದು, ಹಿಂದ್ಗಡೆ ಒಂದು." ಅದರಲ್ಲಿ ಬೇರೆ ಯಾವ ಯಾವ ಆಯ್ಕೆಗಳಿವೆ ಎಂದು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ, ಎಲ್ಲ ಅನುಮಾನಗಳೂ ತೀರಿವೆ ಎಂದು ಬರೆದಿರುತ್ತದೆ. ಬರೆದಿರುವುದು ರೋಗಿಗೆ ಅರ್ಥವಾಗದ ಭಾಷೆಯಲ್ಲಿ. ಸೂಜಿ ಚುಚ್ಚಿದ ಕೈಯಲ್ಲಿ ಸಹಿ ಸೊಟ್ಟಗೆ ಬೀಳುತ್ತದೆ, ಪರವಾಗಿಲ್ಲ, ನಡೆಯುತ್ತದೆ.

ಮುಂದೆ ತೂಕ ಇಳಿದರೆ ಅದು ಸರ್ಜರಿಯ ಯಶಸ್ಸು. ಮತ್ತೆ ಏರಿದರೆ? "ಸರ್ಜರಿ ಬರೀ ಒಂದು ಸಾಧನ ಅಂತ ನಾನು ಮೊದ್ಲೇ ಹೇಳಿದ್ನಲ್ಲಮ್ಮ, ನೀವು ಬಾಯಿ ಕಟ್ಟಬೇಕಿತ್ತು." ಬಾಯಿ ಕಟ್ಟಲು ಬಂದಿದ್ದರೆ ಹೊಟ್ಟೆ ಕತ್ತರಿಸಿಕೊಳ್ಳಲು ಯಾಕೆ ಬರುತ್ತಿದ್ದರು ಎಂದು ಕೇಳುವ ಧೈರ್ಯ ಯಾರಿಗಿದೆ.

ಈಗ ಇಂಜೆಕ್ಷನ್ನಿನ ಕಾಲ. 2021ರಲ್ಲಿ ಸೆಮಾಗ್ಲುಟೈಡ್ ಎಂಬ ವಾರಕ್ಕೊಂದು ಚುಚ್ಚುವ ಮದ್ದಿಗೆ ತೂಕ ಇಳಿಸಲೆಂದೇ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಕತ್ತಿ ಹಿಡಿಯದ ಡಾಕ್ಟರುಗಳ ಕೈಗೂ ಒಂದು ಆಯುಧ ಬಂತು. ಈಗ ಸರ್ಜನ್ ರೂಮಿನಲ್ಲಿ ನಿಮಗೆ ಇಂಜೆಕ್ಷನ್ ಆಗಿಬರುವುದಿಲ್ಲ, ನಿಲ್ಲಿಸಿದರೆ ತೂಕ ವಾಪಸ್ ಬರುತ್ತದೆ. ಅದು ನಿಜ. ಒಂದು ಅಧ್ಯಯನದಲ್ಲಿ ನಿಲ್ಲಿಸಿದ ಒಂದು ವರ್ಷಕ್ಕೆ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮರಳಿತ್ತು. ಮೇಲಿನ ಮಹಡಿಯ ಇಂಜೆಕ್ಷನ್ ಡಾಕ್ಟರ ರೂಮಿನಲ್ಲಿ ನಿಮಗೆ ಸರ್ಜರಿ ಆಗಿಬರುವುದಿಲ್ಲ, ಒಮ್ಮೆ ಕತ್ತರಿಸಿದರೆ ಕತ್ತರಿಸಿದ್ದೇ. ಅದೂ ನಿಜ. ಇಬ್ಬರೂ ನಿಜ ಹೇಳುವ ಮನೆಯಲ್ಲಿ ರೋಗಿ ಫೈಲು ಹಿಡಿದು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಾರೆ. ಕೊನೆಗೆ ಸುಸ್ತಾಗಿ ಲಿಫ್ಟ್ ಆಪರೇಟರನ್ನೇ ಕೇಳುತ್ತಾರೆ.

"ಯಾವುದು ಒಳ್ಳೇದಪ್ಪ?"

"ನಮ್ಮ ಅತ್ತಿಗೆ ಮೆಟ್ಟಿಲು ಹತ್ತಿನೇ ಸಣ್ಣ ಆಗಿದ್ದು ಮೇಡಂ," ಎನ್ನುತ್ತಾನೆ ಅವನು, ಬಟನ್ ಒತ್ತುತ್ತಾ.