ಬರ್ಮಾ ಉದ್ದಿನ ಚೀಲ ಬಿಚ್ಚುವಾಗ

ನಿನ್ನೆ ಸಂಜೆ ಅಂಗಡಿ ಮುಂದೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ ಹುಡುಗನೊಬ್ಬ, "ಅಣ್ಣಾ, ಬೆಲೆ ಹಿಂಗೇ ಏರಿದ್ರೆ ಮಿಲಿಟರಿನೇ ಬರಬೇಕು, ಒಂದೇ ವರ್ಷದಲ್ಲಿ ಎಲ್ಲಾ ಸರಿ ಮಾಡ್ತಾರೆ" ಅಂದ. ಒಳಗೆ ಹೋಗಿ ಚೀಲದಿಂದ ಒಂದು ಹಿಡಿ ಉದ್ದು ತಂದು ಅವನ ಅಂಗೈಗೆ ಹಾಕಿದೆ. ಬರ್ಮಾ ಉದ್ದು, ಅಂದರೆ ಈಗಿನ ಮ್ಯಾನ್ಮಾರ್‌ನದು. ಇಲ್ಲಿ ಬೆಳೆ ಕೈಕೊಟ್ಟ ವರ್ಷ ನಮ್ಮ ದಾವಣಗೆರೆಯ ಬೆಣ್ಣೆ ದೋಸೆ ಹಿಟ್ಟಿಗೂ ಇದೇ ಆಗಬೇಕು. ಇದನ್ನು ಬೆಳೆದವರ ಕಥೆ ಕೇಳು ಅಂದೆ.

ಅಲ್ಲಿ 1962ರಲ್ಲೇ ಜನರಲ್ ನೆ ವಿನ್ ಅಧಿಕಾರ ಹಿಡಿದ. ಬ್ಯಾಂಕು, ಅಂಗಡಿ, ಅಕ್ಕಿ ವ್ಯಾಪಾರ ಒಂದೊಂದಾಗಿ ಸರ್ಕಾರದ ಕೈಗೆ ಹೋದವು. 1987ರ ಸೆಪ್ಟೆಂಬರ್‌ನಲ್ಲಿ 25, 35, 75 ಕ್ಯಾಟ್ ನೋಟು ರದ್ದು. ಕ್ಯಾಟ್ ಅಂದರೆ ನಮ್ಮ ರೂಪಾಯಿ ಇದ್ದ ಹಾಗೆ, ಅಲ್ಲಿನ ದುಡ್ಡು. 2016ರಲ್ಲಿ ನಾವೂ ಕ್ಯೂ ನಿಂತವರೇ, ಆದರೆ ಹಳೇ ನೋಟನ್ನು ಬ್ಯಾಂಕಿಗೆ ಕಟ್ಟಬಹುದಿತ್ತು ಅಲ್ವಾ? ಅವರಿಗೆ ಅದೂ ಇರಲಿಲ್ಲ. ಮಗಳ ಮದುವೆಗೆ ಅಂತ ಕೂಡಿಟ್ಟಿದ್ದು ಬರೀ ಕಾಗದ! ಮರುವರ್ಷ ಜನ ಬೀದಿಗಿಳಿದರು, ಸೈನ್ಯ ಗುಂಡು ಹಾರಿಸಿತು. 1990ರಲ್ಲಿ ಆಂಗ್ ಸಾನ್ ಸೂಕಿ ಅವರ ಪಕ್ಷ ಚುನಾವಣೆ ಗೆದ್ದರೂ ಸೈನ್ಯ ಅಧಿಕಾರ ಬಿಟ್ಟುಕೊಡಲಿಲ್ಲ.

2021ರ ಫೆಬ್ರವರಿ 1ಕ್ಕೆ ಸೈನ್ಯದ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಮತ್ತೆ ಅದೇ ಕೆಲಸ ಮಾಡಿದ, ಜನ ಆರಿಸಿದ ಸರ್ಕಾರ ಕಿತ್ತು ಅಧಿಕಾರ ಹಿಡಿದ. ಎಟಿಎಂ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತರು. ವ್ಯಾಪಾರಸ್ಥನಾಗಿ ನನಗೆ ಹೆಚ್ಚು ಸಂಕಟ ಆಗೋದು ಮುಂದಿನದಕ್ಕೆ. 2022ರ ಏಪ್ರಿಲ್‌ನಲ್ಲಿ ಒಂದು ಆದೇಶ ಬಂತು: ಹೊರದೇಶದಿಂದ ಬಂದ ಡಾಲರನ್ನು ಒಂದೇ ದಿನದಲ್ಲಿ ಕ್ಯಾಟ್ ಮಾಡಿಸಿಕೊಳ್ಳಬೇಕು, ಡಾಲರ್‌ಗೆ 1850ರಂತೆ. ಹೊರಗಿನ ಮಾರುಕಟ್ಟೆ ದರ ಅದಕ್ಕಿಂತ ಜಾಸ್ತಿ ಇತ್ತು. ಆಮೇಲೆ ಸರ್ಕಾರಿ ದರ 2100 ಮಾಡಿದರು, 2023ರಲ್ಲಿ ಹೊರಗೆ 3000 ದಾಟಿತು. ಉದ್ದು ಕಳಿಸಿದವನಿಗೆ ಕಮ್ಮಿ ಸಿಕ್ಕರೆ ಅವನು ರೈತನಿಗೆ ಎಲ್ಲಿಂದ ಕೊಡ್ತಾನೆ? ನಡುವಿನ ದುಡ್ಡು ರೈತನ ಬೆವರಿನದು.

ಅಷ್ಟೇ ಅಲ್ಲ. ಡೀಸೆಲ್, ಔಷಧಿ, ಅಡುಗೆ ಎಣ್ಣೆ ತರಿಸೋಕೆ ಡಾಲರ್ ಬೇಕು. ಯಾರಿಗೆ ಎಷ್ಟು ಅಂತ ಹೇಳೋದು ಸೈನ್ಯದ ಸರ್ಕಾರ. ಬೆಳಿಗ್ಗೆ ಬೈದ ವ್ಯಾಪಾರಿ ಸಂಜೆ ಪರ್ಮಿಟ್‌ಗೆ ಕೈಮುಗಿದು ನಿಲ್ಲಬೇಕು. ಕಷ್ಟ ಹೆಚ್ಚಿದಷ್ಟೂ ಅವರ ಬಾಗಿಲ ಮುಂದಿನ ಸಾಲು ಉದ್ದ ಆಗುತ್ತೆ. ಅಂಥವರಿಗೆ ಕಷ್ಟ ತೀರಿಸೋ ಅವಸರ ಯಾಕಿರುತ್ತೆ? ಬಂಡಾಯ ಏಳದಂತೆ ಹೊಟ್ಟೆಯನ್ನೇ ಹಿಡಿದುಕೊಳ್ಳೋದು ಇದು. ಬಂದೂಕು ಎದುರಿಗೇ ಕಾಣುತ್ತೆ, ಇದು ಕಾಣೋದಿಲ್ಲ.

ಬೆಲೆ ಏರಿದರೆ ನನಗೂ ಸಿಟ್ಟು ಬರುತ್ತೆ. ಉದ್ರಿ ಪುಸ್ತಕದಲ್ಲಿ ಎಷ್ಟು ಮನೆ ಹೆಸರಿದೆ ಅಂತ ನನಗೆ ಗೊತ್ತು. ಆದರೂ ಇಲ್ಲಿ ಆ ಸಿಟ್ಟನ್ನು ನಾನು ಹೀಗೆ ಬರೆದು ಹಾಕಬಹುದು.

ಹುಡುಗ ಉದ್ದನ್ನು ಕೈಯಲ್ಲೇ ಹಿಡಿದುಕೊಂಡಿದ್ದ. "ನಿಂಗೆ ಎಷ್ಟು ವಯಸ್ಸಪ್ಪ?" ಅಂದೆ. 22 ಅಂದ. 2024ರ ಫೆಬ್ರವರಿಯಲ್ಲಿ ಅಲ್ಲಿ 18ರಿಂದ 35ರ ಗಂಡಸರು ಸೈನ್ಯಕ್ಕೆ ಸೇರಲೇಬೇಕು ಅಂತ ಹೇಳಿದಾಗ, ಯಾಂಗೋನ್‌ನಲ್ಲಿ ಥಾಯ್ಲೆಂಡ್ ರಾಯಭಾರ ಕಚೇರಿ ಮುಂದೆ ವೀಸಾಕ್ಕಾಗಿ ಸಾಲು ನಿಂತವರೆಲ್ಲ ಅವನ ವಾರಿಗೆಯವರೇ.